ಬಿಟ್ಟುಕೊಟ್ಟ ಕಂದಾಯವೂ ಪೌರನ ಸಮ್ಮತಿಯೂ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ, ಆರು ತಿಂಗಳು ಇದ್ದು, ಹಿಂತಿರುಗಿ ಬಂದ ವಾಚಕ ಮಿತ್ರರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಕೆಲವು ವರ್ಷಗಳಿಂದ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಅಲ್ಲಿಯ ಊರುಗಳಲ್ಲಿ ಒಂದು ಕ್ರೀಡಾಂಗಣವನ್ನು ಕಟ್ಟಬೇಕಾದರೂ, ಒಂದು ಅಂಗಡಿ ಸಮುಚ್ಚಯಕ್ಕೆ ತೆರಿಗೆಯ ರಿಯಾಯಿತಿಯನ್ನು ಕೊಡಬೇಕಾದರೂ ಜನರಿಂದ ಓಟು ಹಾಕಿಸುತ್ತಾರಂತೆ, ಇದು ನಿಜವೆ. ನಿಜವಾದರೆ ಅದು ಯುಕ್ತವೆ. ಆರಿಸಿ ಕಳುಹಿಸಿದ ಪ್ರತಿನಿಧಿಗಳು ಇರುವುದು ಮತ್ತಾವ ಕಾರ್ಯಕ್ಕೆ ಎಂಬುದು ಆ ಪ್ರಶ್ನೆಯ ಸಾರ. ಎಲ್ಲ ಊರುಗಳಲ್ಲಿಯೂ ಹಾಗಿಲ್ಲ, ಬಹುಪಾಲು ಕಡೆಗಳಲ್ಲಿ ಪೌರಸಭೆಯ ಸದಸ್ಯರೇ ನಿರ್ಣಯಿಸುತ್ತಾರೆ, ಕೆಲವೆಡೆ ಮಾತ್ರ ಪೌರರ ಅನುಮತಿ ಬೇಕು ಎಂದು ಒಂದು ಪಂಕ್ತಿಯಲ್ಲಿ ಉತ್ತರ ಕೊಟ್ಟುಬಿಡಬಹುದು. ಆದರೆ ವಿಷಯದ ತಿರುಳು ಆ ಉತ್ತರದೊಳಗೆ ಬರುವುದಿಲ್ಲ. ಮೇಲಾಗಿ ಇದರಲ್ಲಿ ನನಗೆ ಸ್ವಂತ ಅನುಭವವೂ ಒಂದಿಷ್ಟುಂಟು.

2023ನೆಯ ಇಸವಿಯ ವಸಂತಕಾಲದಲ್ಲಿ ನಾನು ಅರಿಜೋನ ರಾಜ್ಯದ ಟೆಂಪಿ ಎಂಬ ನಗರದಲ್ಲಿ ಮಗಳ ಮನೆಯಲ್ಲಿದ್ದೆನು. ಫೀನಿಕ್ಸ್ ಮಹಾನಗರಕ್ಕೆ ಅಂಟಿಕೊಂಡಂತಿರುವ, ಸುಮಾರು 1,80,000 ಜನವಸತಿಯ, ದೊಡ್ಡದೊಂದು ವಿಶ್ವವಿದ್ಯಾನಿಲಯವನ್ನು ಮಡಿಲಲ್ಲಿಟ್ಟುಕೊಂಡಿರುವ ಊರು ಅದು. ಮರುಭೂಮಿಯ ನಾಡಾದರೂ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿಯ ಬೀದಿಗಳ ಪಾಲೊ ವರ್ಡೆ ಮರಗಳು ಮೈತುಂಬ ಹಳದಿ ಹೂವನ್ನು ಹೊತ್ತು ನಿಂತು, ನಮ್ಮ ಕಡೆಯ ಕಕ್ಕೆಯ ಮರಗಳನ್ನು ನೆನಪಿಗೆ ತರುತ್ತವೆ. ಅಂಥ ಒಂದು ದಿನ ಮಧ್ಯಾಹ್ನದ ಅಂಚೆಯಲ್ಲಿ ಮಗಳಿಗೂ ಅಳಿಯನಿಗೂ ಒಂದೊಂದು ದಪ್ಪ ಲಕೋಟೆ ಬಂದಿತು. ಒಳಗೆ ಮತಪತ್ರ. ಆ ಚುನಾವಣೆಗೆ ಮತಗಟ್ಟೆಗಳಿರಲಿಲ್ಲ; ಮನೆಯಲ್ಲಿ ಕುಳಿತು ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ, ಅಂಚೆಯಲ್ಲಿಯೇ ಹಿಂದಕ್ಕೆ ಕಳುಹಿಸತಕ್ಕದ್ದು. ಅಭ್ಯರ್ಥಿಗಳ ಹೆಸರು ಒಂದೂ ಇಲ್ಲ. ಇದ್ದುದು 301, 302, 303 ಎಂಬ ಸಂಖ್ಯೆಗಳ ಮೂರು ಪ್ರಶ್ನೆಗಳು ಮಾತ್ರ.

ಪ್ರಶ್ನೆಗಳ ಹಿನ್ನೆಲೆ ಇದು. ನಗರಕ್ಕೆ ಸೇರಿದ 46 ಎಕರೆ ನೆಲ, ಹಿಂದೆ ಕಸ ತುಂಬಿದ ಹಳ್ಳವಾಗಿದ್ದುದು, ಸಾಲ್ಟ್ ನದಿಯ ಬಳಿ ಬಿದ್ದಿತ್ತು. ಅರಿಜೋನ ಕಾಯೋಟೀಸ್ ಎಂಬ ಐಸ್ ಹಾಕಿ ತಂಡದ ಒಡೆಯರು ಅದನ್ನು ಕೊಂಡು, ಶುದ್ಧಿಗೊಳಿಸಿ, 210 ಕೋಟಿ ಡಾಲರುಗಳ ವೆಚ್ಚದಲ್ಲಿ ಒಂದು ಕ್ರೀಡಾಮಂದಿರವನ್ನೂ, ಹೋಟೆಲುಗಳನ್ನೂ, ಅಂಗಡಿಗಳನ್ನೂ, ಸುಮಾರು 2,000 ವಾಸದ ಮನೆಗಳನ್ನೂ ಕಟ್ಟುವುದಾಗಿ ಮುಂದೆ ಬಂದರು. 2022ನೆಯ ನವೆಂಬರಿನಲ್ಲಿ ಪೌರಸಭೆಯ ಸದಸ್ಯರು ಒಮ್ಮತದಿಂದ ಒಪ್ಪಿದರು. ಒಪ್ಪಿದವರು, ಇದರ ಗಾತ್ರವನ್ನು ನೋಡಿ, ಕೊನೆಯ ಮಾತನ್ನು ಪೌರರಿಗೇ ಬಿಟ್ಟರು. ಮೊದಲನೆಯ ಎರಡು ಪ್ರಶ್ನೆಗಳು ಭೂಮಿಯ ಉಪಯೋಗಕ್ಕೆ ಸಂಬಂಧಪಟ್ಟವು. ಮೂರನೆಯದು ಒಪ್ಪಂದವನ್ನು ಕುರಿತದ್ದು. ತೆರಿಗೆಯ ವಿಷಯ ಅಡಗಿದ್ದುದು ಅದರೊಳಗೆ. ಕ್ರೀಡಾಮಂದಿರಕ್ಕೆ 30 ವರ್ಷ, ಉಳಿದ ಕಟ್ಟಡಗಳಿಗೆ 8 ವರ್ಷ, ಸಾಧಾರಣ ಆಸ್ತಿ ತೆರಿಗೆ ಇಲ್ಲ.

ರಾತ್ರಿ ಊಟದ ಮೇಜಿನ ಬಳಿ ಆ ಮನೆಯಲ್ಲಿ ನಡೆದ ಮಾತನ್ನು ನಾನು ಮರೆಯಲಾರೆ. ಅಳಿಯ ಹೇಳಿದನು: “ಅಲ್ಲಿ ಈಗ ಇರುವುದು ಕಸ, ಮಾವ. ಕಸದಿಂದ ಬರುವ ಕಂದಾಯ ಸೊನ್ನೆ. ಎಂದೂ ಬಾರದಿದ್ದ ಕಂದಾಯವನ್ನು ಬಿಟ್ಟುಕೊಟ್ಟರೆ ನಮಗೆ ನಷ್ಟವೇನು? ಅಂಗಡಿಗಳ ಮಾರಾಟ ತೆರಿಗೆಯಾದರೂ ಬರುತ್ತದಲ್ಲ.” ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನಮ್ಮ ಈ ಮನೆಗೆ ಮೂವತ್ತು ವರ್ಷ ಕಂದಾಯ ಬೇಡ ಎಂದು ಯಾರಾದರೂ ಹೇಳುತ್ತಾರೆಯೆ? ನಾಳೆ ಆ ಮಂದಿರಕ್ಕೆ ಬೆಂಕಿ ಬಿದ್ದರೆ ಓಡಿಹೋಗುವ ಬೆಂಕಿಯ ಬಂಡಿ ಯಾರ ದುಡ್ಡಿನದು? ಆ ಎರಡು ಸಾವಿರ ಮನೆಗಳ ಮಕ್ಕಳು ಓದುವ ಶಾಲೆ ಯಾರ ದುಡ್ಡಿನದು?” ಎಂದಳು. ಇಬ್ಬರ ಮಾತಿನಲ್ಲಿಯೂ ಅರ್ಥವಿತ್ತು. ಈ ಇಡೀ ವಿವಾದವನ್ನು ಕುರಿತು ಆಮೇಲೆ ನಾನು ಓದಿದ ವರದಿಗಳೂ ಲೇಖನಗಳೂ ಈ ಎರಡು ಮಾತುಗಳ ವಿಸ್ತಾರವೇ ಆಗಿದ್ದವು.

ಕಾರ್ಯವೊಂದನ್ನು ಮಾಡಿಸುವುದಕ್ಕಾಗಿ ಕಂದಾಯವನ್ನು ಬಿಟ್ಟುಕೊಡುವ ಪದ್ಧತಿ ನಮಗೇನೂ ಅಪರಿಚಿತವಲ್ಲ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ, ಆ ಕೆರೆಯ ಕೆಳಗೆ ಕಂದಾಯವಿಲ್ಲದ ಗದ್ದೆಯನ್ನು ಕೊಡುತ್ತಿದ್ದುದನ್ನು ನಮ್ಮ ನಾಡಿನ ಶಿಲಾಶಾಸನಗಳು ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಹೆಸರುಗಳಿಂದ ಕರೆಯುತ್ತವೆ. ಸರ್ವಮಾನ್ಯವೆಂಬ ಮಾತೂ ಅದೇ ಕುಲದ್ದು. ಆ ದಾನಗಳಲ್ಲಿ ನಾನು ಗಮನಿಸುವ ಅಂಶವೊಂದಿದೆ: ಕೊಟ್ಟುದು ಎಷ್ಟು, ಅದರ ಚತುಸ್ಸೀಮೆ ಯಾವುದು, ಕೊಟ್ಟುದು ಯಾವ ಕಾರ್ಯದ ನಿಮಿತ್ತ, ಸಾಕ್ಷಿಗಳು ಯಾರು ಎಂಬಿಷ್ಟನ್ನೂ ಕಲ್ಲಿನಲ್ಲಿ ಕಡೆದು, ಊರಿನ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಿಲ್ಲಿಸುತ್ತಿದ್ದರು. ಅರಸನ ಕಾಲದ ಊರಿಗೆ ಸಮ್ಮತಿಯ ಅಧಿಕಾರ ಇದ್ದಿತೋ ಇಲ್ಲವೋ, ತಿಳಿವಳಿಕೆಯ ಅಧಿಕಾರವಂತೂ ಇದ್ದಿತು. ಅಮೆರಿಕದಲ್ಲಿ ಪೌರಸಭೆಗಳು ಬಿಟ್ಟುಕೊಟ್ಟ ತೆರಿಗೆಯ ಮೊತ್ತವನ್ನು ತಮ್ಮ ವಾರ್ಷಿಕ ಲೆಕ್ಕದಲ್ಲಿ ತೋರಿಸಬೇಕೆಂಬ ಲೆಕ್ಕಶಾಸ್ತ್ರದ ನಿಯಮ ಹೊರಟದ್ದು 2015ನೆಯ ಆಗಸ್ಟ್ ತಿಂಗಳಿನಲ್ಲಿ. ಅದಕ್ಕೆ ಮುಂಚೆ ದಶಕಗಳ ಕಾಲ ಅನೇಕ ಊರುಗಳ ಪೌರನಿಗೆ ತನ್ನ ಊರು ವರ್ಷಕ್ಕೆ ಎಷ್ಟನ್ನು ಬಿಟ್ಟುಕೊಡುತ್ತಿದೆಯೆಂಬುದನ್ನು ಒಂದೆಡೆ ಓದಿ ತಿಳಿಯುವ ಉಪಾಯವಿರಲಿಲ್ಲ.

ಈ ಬಿಟ್ಟುಕೊಡುವಿಕೆಗೆ ಅಲ್ಲಿ ಮುಖ್ಯವಾಗಿ ಎರಡು ರೂಪಗಳುಂಟು. ಒಂದು, ಇಂತಿಷ್ಟು ವರ್ಷ ತೆರಿಗೆ ಬೇಡವೆಂದು ನೇರವಾಗಿ ಬಿಡುವುದು. ಅರಿಜೋನದಲ್ಲಿ ಇದನ್ನು ಸ್ವಲ್ಪ ಸುತ್ತುದಾರಿಯಲ್ಲಿ ಮಾಡುತ್ತಾರೆ: ಕಟ್ಟಡದ ಒಡೆತನವನ್ನು ಪೌರಸಭೆಯ ಹೆಸರಿಗೆ ಮಾಡಿ, ಕಟ್ಟಿದವನನ್ನು ಗುತ್ತಿಗೆದಾರನೆಂದು ಇರಿಸಿಕೊಳ್ಳುತ್ತಾರೆ, ಸರ್ಕಾರದ ಸ್ವತ್ತಿಗೆ ಆಸ್ತಿ ತೆರಿಗೆ ಇಲ್ಲವಾದುದರಿಂದ ಆತನು ಅದಕ್ಕೆ ಬದಲಾಗಿ ಒಂದು ಅಲ್ಪವಾದ ಗುತ್ತಿಗೆ ತೆರಿಗೆಯನ್ನು ತೆರುತ್ತಾನೆ, ಕೆಲವು ವಲಯಗಳಲ್ಲಿ ಮೊದಲ 8 ವರ್ಷ ಅದನ್ನೂ ತೆರುವುದಿಲ್ಲ. ಎರಡನೆಯ ರೂಪ ಇನ್ನೂ ವ್ಯಾಪಕವಾದುದು. ಅರಿಜೋನ ಒಂದನ್ನು ಬಿಟ್ಟರೆ ಉಳಿದ ಎಲ್ಲ ರಾಜ್ಯಗಳ ಕಾನೂನಿನಲ್ಲಿಯೂ ಅದಕ್ಕೆ ಸ್ಥಾನವಿದೆ. ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್ ಎಂದು ಅದರ ಹೆಸರು. ಏರಿಕೆಯ ತೆರಿಗೆಯನ್ನು ಮೀಸಲಿಡುವುದು ಎಂದು ನಾವು ಕರೆಯೋಣ.

ಅದರ ಕ್ರಮ ಹೀಗೆ. ಜೀರ್ಣವಾದ ಒಂದು ಬಡಾವಣೆಯನ್ನು ಗೆರೆಯೆಳೆದು ಗುರುತಿಸುತ್ತಾರೆ. ಅಲ್ಲಿಯ ಸ್ವತ್ತುಗಳ ಒಟ್ಟು ಬೆಲೆ ಆ ದಿನ 10 ಕೋಟಿ ಡಾಲರು, ತೆರಿಗೆ ನೂರಕ್ಕೆ ಒಂದರಂತೆ 10 ಲಕ್ಷ ಎಂದಿಟ್ಟುಕೊಳ್ಳೋಣ. ಈ 10 ಲಕ್ಷ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಿಗೆ ಹಾಗೆಯೇ ಸ್ಥಿರವಾಗಿ ನಿಲ್ಲುತ್ತದೆ. ಶಾಲೆ, ಗ್ರಂಥಾಲಯ, ಜಿಲ್ಲಾಡಳಿತ ಇವುಗಳಿಗೆ ಆ ಬಡಾವಣೆಯಿಂದ ಹೋಗುವ ಪಾಲು ಅಷ್ಟರಲ್ಲಿಯೇ. ಹೊಸ ಕಟ್ಟಡಗಳೆದ್ದು ಬೆಲೆ 30 ಕೋಟಿಗೆ ಏರಿತೆನ್ನಿ. ತೆರಿಗೆ 30 ಲಕ್ಷವಾಗುತ್ತದೆ. ಹೆಚ್ಚಾದ 20 ಲಕ್ಷ ಸಾಮಾನ್ಯ ಬೊಕ್ಕಸಕ್ಕೆ ಹೋಗದೆ ಆ ಬಡಾವಣೆಯದೇ ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ರಸ್ತೆ, ಚರಂಡಿ, ವಾಹನ ನಿಲ್ದಾಣಗಳ ಖರ್ಚು ನಡೆಯುತ್ತದೆ, ಅಥವಾ ಕಟ್ಟಿದವನು ಮೊದಲೇ ಮಾಡಿದ ಖರ್ಚು ಅವನಿಗೆ ಹಿಂದಕ್ಕೆ ಸಲ್ಲುತ್ತದೆ. ಅಭಿವೃದ್ಧಿ ತನ್ನ ವೆಚ್ಚವನ್ನು ತಾನೇ ತೆತ್ತುಕೊಳ್ಳುತ್ತದೆ, ಹೊಸ ತೆರಿಗೆ ಯಾರ ಮೇಲೆಯೂ ಬೀಳುವುದಿಲ್ಲ ಎಂಬುದು ಇದರ ಪರವಾದ ವಾದ. ಕಸದ ಹಳ್ಳವನ್ನು ಕುರಿತು ನನ್ನ ಅಳಿಯ ಹೇಳಿದ್ದು ಇದನ್ನೇ.

ವಾದ ನಿಲ್ಲುವುದು ಒಂದೇ ಕಂಬದ ಮೇಲೆ: ಈ ನೆರವು ಇಲ್ಲದಿದ್ದರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ ಎಂಬ ಕಂಬ. ಅನೇಕ ರಾಜ್ಯಗಳ ಕಾನೂನು ಈ ಮಾತನ್ನು ಮೊದಲು ಸಿದ್ಧಪಡಿಸಿ ತೋರಿಸತಕ್ಕದ್ದೆಂದು ವಿಧಿಸುತ್ತದೆ. ಆದರೆ ನಡೆಯದೇ ಹೋದ ಸಂಗತಿಯನ್ನು ಪ್ರಮಾಣಿಸುವವರು ಯಾರು? ನೆರವಿಲ್ಲದೆಯೂ ಆ ನೆಲದ ಬೆಲೆ ಕಾಲಕ್ರಮದಲ್ಲಿ 15 ಕೋಟಿಗೆ ಏರುವಂಥದಾಗಿದ್ದರೆ, ಆ ನಿಧಿಗೆ ಹೋದ 20 ಲಕ್ಷದಲ್ಲಿ 5 ಲಕ್ಷ ನ್ಯಾಯವಾಗಿ ಶಾಲೆ ಮೊದಲಾದವುಗಳದು. ಶಾಲೆ ತನಗೆ ಬಾರದ ಆ ಹಣಕ್ಕಾಗಿ ಊರಿನ ಉಳಿದ ಮನೆಗಳ ಮೇಲೆ ಕೈಯಿಡಬೇಕಾಗುತ್ತದೆ, ಇಲ್ಲವೆ ಒಬ್ಬ ಉಪಾಧ್ಯಾಯನನ್ನು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಬಾರದ ಹಣವೂ ವೆಚ್ಚವಾದ ಹಣವೇ. ವೆಚ್ಚಕ್ಕೆ ರಸೀದಿಯುಂಟು, ಆಯವ್ಯಯದಲ್ಲಿ ಚರ್ಚೆಯುಂಟು, ಬಾರದ ಹಣಕ್ಕೆ ಎರಡೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಮತದಾರನ ಅನುಮತಿಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಈ ಉಪಾಯ ಮೊದಲು ಹುಟ್ಟಿದ ಕ್ಯಾಲಿಫೋರ್ನಿಯದ ಕಥೆ ಬೋಧಪ್ರದವಾದುದು. 1952ರಲ್ಲಿ ಅಲ್ಲಿಯ ಮತದಾರರು ರಾಜ್ಯದ ಸಂವಿಧಾನವನ್ನು ತಿದ್ದಿ ಇದಕ್ಕೆ ಎಡೆಮಾಡಿಕೊಟ್ಟರು. ಅರವತ್ತು ವರ್ಷಗಳಲ್ಲಿ ಸುಮಾರು 400 ಪುನರಭಿವೃದ್ಧಿ ಮಂಡಳಿಗಳು ಬೆಳೆದು, ಇಡೀ ರಾಜ್ಯದ ಆಸ್ತಿ ತೆರಿಗೆಯಲ್ಲಿ ನೂರಕ್ಕೆ ಸುಮಾರು 12 ಪಾಲು ಅವುಗಳ ಕೈಗೆ ಹೋಗುವಂತಾಯಿತು. ಶಾಲೆಗಳಿಗೆ ಕಡಿಮೆ ಬಿದ್ದುದನ್ನು ರಾಜ್ಯದ ಬೊಕ್ಕಸ ತುಂಬಿಕೊಡಬೇಕಾಯಿತು. ಆರ್ಥಿಕ ಸಂಕಟದ ದಿನಗಳಲ್ಲಿ ಗವರ್ನರ್ ಜೆರಿ ಬ್ರೌನ್ ಅವರು ಈ ಮಂಡಳಿಗಳನ್ನು ಮುಚ್ಚಲು ಹೊರಟರು. 2011ರ ಡಿಸೆಂಬರಿನಲ್ಲಿ ರಾಜ್ಯದ ಪರಮೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2012ರ ಫೆಬ್ರುವರಿ 1ರಂದು ಅವೆಲ್ಲವೂ ವಿಸರ್ಜನೆಗೊಂಡವು. 2014ರಲ್ಲಿ ಅದೇ ಉಪಾಯವನ್ನು ಹೊಸ ಹೆಸರಿನಲ್ಲಿ ಮತ್ತೆ ತಂದಾಗ, ಸಾಲಪತ್ರಗಳನ್ನು ಹೊರಡಿಸಬೇಕಾದರೆ ಆ ವಲಯದ ಮತದಾರರಲ್ಲಿ ನೂರಕ್ಕೆ 55 ಮಂದಿ ಒಪ್ಪಬೇಕೆಂದು ಕಾನೂನಿನಲ್ಲಿಯೇ ಬರೆದರು. ಐದೇ ವರ್ಷ. 2019ರಲ್ಲಿ, ಆ ನಿಯಮದಿಂದ ಕೆಲಸ ಸಾಗುವುದಿಲ್ಲವೆಂದು, ಅದನ್ನು ತೆಗೆದುಹಾಕಿದರು; ಈಗ ಜನರು ದೊಡ್ಡ ಸಂಖ್ಯೆಯಲ್ಲಿ ಆಕ್ಷೇಪಣೆ ಸಲ್ಲಿಸಿದರೆ ಮಾತ್ರ ಓಟಿನ ಮಾತು. ಸಮ್ಮತಿಯನ್ನು ಕೇಳುವುದಕ್ಕೂ, ಆಕ್ಷೇಪಣೆ ಬರಲಿಲ್ಲವೆಂಬುದನ್ನೇ ಸಮ್ಮತಿಯೆಂದು ಎಣಿಸಿಕೊಳ್ಳುವುದಕ್ಕೂ ಎಷ್ಟು ಅಂತರವೆಂಬುದನ್ನು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮತದಾರರನ್ನು ಕೇಳುವುದು ಹೊಸಗಾಲದ ಅತಿರೇಕವೆಂದು ಭಾವಿಸುವವರು ಸ್ವಲ್ಪ ಹಿಂದಕ್ಕೆ ನೋಡಬೇಕು. 1825ರಲ್ಲಿ ತೆರೆದ ಈರಿ ಕಾಲುವೆ ನ್ಯೂಯಾರ್ಕ್ ರಾಜ್ಯಕ್ಕೆ ತಂದ ಸಂಪತ್ತನ್ನು ಕಂಡು, ಇತರ ರಾಜ್ಯಗಳು ತಾವೂ ಕಾಲುವೆ, ರೈಲುದಾರಿ, ಬ್ಯಾಂಕುಗಳಿಗೆಂದು ಯಥೇಚ್ಛವಾಗಿ ಸಾಲವೆತ್ತಿದವು. ಅದರ ಬಡ್ಡಿ ಯೋಜನೆಗಳ ಆದಾಯದಿಂದಲೇ ಸಲ್ಲುತ್ತದೆ, ತೆರಿಗೆಯ ಅಗತ್ಯವೇ ಬೀಳುವುದಿಲ್ಲ ಎಂದು ಆಗಲೂ ಜನರಿಗೆ ಹೇಳಿದ್ದರು. 1840ರ ದಶಕದ ಮೊದಲ ವರ್ಷಗಳಲ್ಲಿ ಇಲಿನಾಯ್, ಇಂಡಿಯಾನ, ಮಿಚಿಗನ್, ಪೆನ್ಸಿಲ್ವೇನಿಯ ಮೊದಲಾದ ಎಂಟು ರಾಜ್ಯಗಳು ಬಡ್ಡಿ ಕಟ್ಟಲಾರದೆ ಕೈಚೆಲ್ಲಿದವು. ಆ ಪೆಟ್ಟಿನಿಂದ ಎಚ್ಚೆತ್ತು, ನ್ಯೂಯಾರ್ಕ್ 1846ರ ತನ್ನ ಸಂವಿಧಾನದಲ್ಲಿ, ದೊಡ್ಡ ಸಾಲಕ್ಕೆ ಜನರ ಮತ ಬೇಕೆಂದು ವಿಧಿಸಿತು. ಒಂದರ ಹಿಂದೊಂದಾಗಿ ಇತರ ರಾಜ್ಯಗಳೂ ಆ ದಾರಿಯನ್ನು ಹಿಡಿದವು. 1910ರಲ್ಲಿ ಬರೆದ ಅರಿಜೋನದ ಸಂವಿಧಾನವಂತೂ ಖಾಸಗಿ ಸಂಸ್ಥೆಗಳಿಗೆ ಸಾರ್ವಜನಿಕ ಧನವನ್ನು ದಾನವಾಗಿ ಕೊಡಕೂಡದೆಂದು ಸ್ಪಷ್ಟವಾಗಿ ಹೇಳಿ, ಜೊತೆಗೆ, ಶಾಸನಸಭೆ ಮಾಡಿದ ನಿರ್ಣಯವನ್ನು ಓಟಿಗೆ ಎಳೆಯುವ ಹಕ್ಕನ್ನೂ ಜನರಿಗೆ ಕೊಟ್ಟಿತು. ಶಾಲೆಯ ಕಟ್ಟಡಕ್ಕೆ ಸಾಲವೆತ್ತಬೇಕಾದರೂ ಓಟು ಬೇಕೆಂಬ ನಿಯಮ ಇಂದಿಗೂ ಅನೇಕ ಕಡೆಗಳಲ್ಲಿ ನಡೆಯುತ್ತಿದೆ. ಏರಿಕೆಯ ತೆರಿಗೆಯ ಉಪಾಯ ಈ ಬೇಲಿಯನ್ನು ಹಾರದೆ ಪಕ್ಕದಿಂದ ಹಾದುಹೋಯಿತು: ಅದರ ಆಧಾರದ ಮೇಲೆ ಎತ್ತಿದ ಸಾಲ ನಗರದ ಸಾಮಾನ್ಯ ಸಾಲವಲ್ಲ, ಆದುದರಿಂದ ಮತದಾನ ಬೇಡ ಎಂದು ಹಲವು ರಾಜ್ಯಗಳ ನ್ಯಾಯಾಲಯಗಳು ಒಪ್ಪಿಕೊಂಡವು. ಹೀಗಾಗಿ, ನಾಲ್ಕು ಕೊಠಡಿಯ ಶಾಲೆಗೆ ಊರೆಲ್ಲ ಓಟು ಹಾಕಬೇಕು, ನಾನೂರು ಕೊಠಡಿಯ ಹೋಟೆಲಿಗೆ ಬಿಡುವ ತೆರಿಗೆಗೆ ಏಳೆಂಟು ಮಂದಿ ಸದಸ್ಯರು ಕೈಯೆತ್ತಿದರೆ ಸಾಕು ಎಂಬ ಸ್ಥಿತಿ ಬಂದಿದೆ.

ಇದನ್ನು ಸರಿಪಡಿಸಲು ಯತ್ನಿಸಿದ ರಾಜ್ಯಗಳೂ ಊರುಗಳೂ ಇವೆ. ಜಾರ್ಜಿಯ ರಾಜ್ಯದ 1985ರ ಕಾನೂನಿನಂತೆ, ಒಂದು ನಗರವಾಗಲಿ ಜಿಲ್ಲೆಯಾಗಲಿ ಈ ಅಧಿಕಾರವನ್ನು ಪಡೆಯುವುದಕ್ಕೆ ಮುನ್ನ ಸ್ಥಳೀಯ ಮತದಾರರ ಅನುಮತಿ ಆಗಲೇಬೇಕು. ಅಲ್ಲಿಯ ಅಟ್ಲಾಂಟ ನಗರ ಹಳೆಯ ರೈಲುದಾರಿಗಳ 22 ಮೈಲಿಯ ವರ್ತುಲವನ್ನು ಉದ್ಯಾನಪಥವನ್ನಾಗಿ ಮಾಡಲು ಹೊರಟ ಬೆಲ್ಟ್‌ಲೈನ್ ಯೋಜನೆಯಲ್ಲಿ, ಶಾಲೆಯ ಪಾಲಿನ ತೆರಿಗೆಯನ್ನೂ ಬಳಸಿಕೊಳ್ಳುವುದು ಸಂವಿಧಾನಕ್ಕೆ ವಿರುದ್ಧವೆಂದು ರಾಜ್ಯದ ಪರಮೋಚ್ಚ ನ್ಯಾಯಾಲಯ 2008ರ ಫೆಬ್ರುವರಿಯಲ್ಲಿ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಜಾರ್ಜಿಯದ ಮತದಾರರೇ ಅಲ್ಪ ಬಹುಮತದಿಂದ ಸಂವಿಧಾನವನ್ನು ತಿದ್ದಿ ಅದಕ್ಕೆ ದಾರಿಮಾಡಿಕೊಟ್ಟರು. ಜನರನ್ನು ಕೇಳಿದರೆ ಎಲ್ಲಕ್ಕೂ ಬೇಡವೆನ್ನುತ್ತಾರೆ ಎಂಬ ಆರೋಪಕ್ಕೆ ಇದು ಒಳ್ಳೆಯ ಉತ್ತರ. ಕೊಲರಾಡೊ ರಾಜ್ಯದ ಲಿಟ್ಲ್‌ಟನ್ ಎಂಬ ಊರಿನ ಪೌರರು 2015ರ ಮಾರ್ಚಿನಲ್ಲಿ, ನಗರ ಪುನರುಜ್ಜೀವನದ ಯೋಜನೆಗಳಲ್ಲಿ ಈ ಬಗೆಯ ನೆರವಿಗೆ ಮತದಾರರ ಒಪ್ಪಿಗೆ ಬೇಕೆಂದು ವಿಧಿಸಿಕೊಂಡರು. ಅದೇ ವರ್ಷ ಹತ್ತಿರದ ವ್ಹೀಟ್ ರಿಜ್ ಎಂಬ ಊರು 25 ಲಕ್ಷ ಡಾಲರುಗಳನ್ನು ಮೀರಿದ ನೆರವಿಗೆ ಅಂಥದೇ ನಿಯಮವನ್ನು ಮಾಡಿಕೊಂಡಿತು.

ಮಿನಿಯಾಪೊಲಿಸ್ ನಗರದ ಅನುಭವ ಕಹಿಯಾದುದು. ಕ್ರೀಡಾಂಗಣಕ್ಕೆ ನಗರ 1 ಕೋಟಿ ಡಾಲರಿಗಿಂತ ಹೆಚ್ಚು ವಿನಿಯೋಗಿಸಬೇಕಾದರೆ ಪೌರರ ಮತ ಬೇಕೆಂದು 1997ರಲ್ಲಿ ಅಲ್ಲಿಯ ಜನ ದೊಡ್ಡ ಬಹುಮತದಿಂದ ನಗರದ ಸನ್ನದಿನಲ್ಲಿಯೇ ಬರೆದರು. 2012ರಲ್ಲಿ ಫುಟ್‌ಬಾಲ್ ತಂಡವೊಂದಕ್ಕೆ ಹೊಸ ಕ್ರೀಡಾಂಗಣ ಕಟ್ಟುವ ಪ್ರಸ್ತಾಪ ಬಂದು, ನಿರ್ಮಾಣದಲ್ಲಿ ನಗರದ ಪಾಲು 15 ಕೋಟಿ ಡಾಲರೆಂದು ಗೊತ್ತಾದಾಗ, ರಾಜ್ಯದ ಶಾಸನಸಭೆ ಪ್ರತ್ಯೇಕ ಕಾನೂನೊಂದನ್ನು ಮಾಡಿ ಆ ಸನ್ನದಿನ ನಿಯಮವನ್ನು ಬದಿಗೊತ್ತಿತು; ಪೌರಸಭೆ 7–6 ಮತಗಳಿಂದ ಒಪ್ಪಿಗೆ ಕೊಟ್ಟಿತು. ಪೌರರನ್ನು ಕೇಳಲಿಲ್ಲ. ಹದಿನೈದು ವರ್ಷ ಹಿಂದೆ ಅವರು ಹಾಕಿದ ಬೀಗ ಬಾಗಿಲಿನ ಮೇಲೆ ಹಾಗೆಯೇ ಇದ್ದಿತು. ಮನೆಯೊಳಕ್ಕೆ ಹೋಗಲು ಮೇಲಿನವರು ಬೇರೊಂದು ಬಾಗಿಲನ್ನೇ ಮಾಡಿಕೊಂಡರು.

ಟೆಂಪಿಗೆ ಹಿಂತಿರುಗೋಣ. ಮೇ 16ರಂದು ಎಣಿಕೆಯಾಯಿತು. ಮೂರು ಪ್ರಶ್ನೆಗಳಿಗೂ ಬೇಡವೆಂಬ ಉತ್ತರ ಬಂದಿತು, ನೂರಕ್ಕೆ ಸುಮಾರು 56 ಮಂದಿಯಿಂದ. ವಿಮಾನ ನಿಲ್ದಾಣದ ಹಾರುದಾರಿಯ ಕೆಳಗೆ ಮನೆಗಳನ್ನು ಕಟ್ಟುವುದರ ವಿಚಾರವಾಗಿ ಫೀನಿಕ್ಸ್ ನಗರ ಎತ್ತಿದ್ದ ತಕರಾರು ಒಂದು ಕಾರಣ. ಪಕ್ಕದ ಗ್ಲೆಂಡೇಲ್ ನಗರ ಇದೇ ತಂಡಕ್ಕಾಗಿ ಸುಮಾರು 18 ಕೋಟಿ ಡಾಲರುಗಳನ್ನು ವಿನಿಯೋಗಿಸಿ ಕಟ್ಟಿಸಿದ, 2003ರಲ್ಲಿ ತೆರೆದ ಮಂದಿರವನ್ನು ತಂಡ ಇಪ್ಪತ್ತು ವರ್ಷ ತುಂಬುವ ಮೊದಲೇ ತೊರೆಯಬೇಕಾಗಿ ಬಂದುದೂ ಜನರ ನೆನಪಿನಲ್ಲಿತ್ತು. ಮುಂದಿನ ವರ್ಷ ಏಪ್ರಿಲಿನಲ್ಲಿ ತಂಡದ ಆಟಗಾರರೆಲ್ಲ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋದರು. ಅಳಿಯ ಫೋನಿನಲ್ಲಿ ಈ ಸಮಾಚಾರವನ್ನು ಹೇಳುವಾಗ ಅವನ ಧ್ವನಿಯಲ್ಲಿದ್ದ ಖೇದ ನನಗೆ ಕೇಳಿಸಿತು. ತನ್ನ ಮಗನನ್ನು ಕರೆದುಕೊಂಡು ಅವನು ಆ ತಂಡದ ಆಟಗಳಿಗೆ ಹೋಗುತ್ತಿದ್ದನು. ಆ ಖೇದವನ್ನು ನಾನು ಲಘುವಾಗಿ ಕಾಣುವುದಿಲ್ಲ. ಬೇಡವೆನ್ನುವ ಹಕ್ಕಿಗೆ ಬೆಲೆಯುಂಟು, ಅದನ್ನು ತೆರಬೇಕಾದವರಲ್ಲಿ ಬೇಕೆಂದವರೂ ಇರುತ್ತಾರೆ.

ಇದೇ ಜನಮತದ ವಿರೋಧಿಗಳ ಮುಖ್ಯ ವಾದ: ನೀವು ಕೇಳುತ್ತ ಕುಳಿತಿರುವಾಗ ಪಕ್ಕದ ಊರು ಕೇಳದೆ ಕೊಡುತ್ತದೆ. ಅದು ಹಾಗೆಯೇ ಆಗುತ್ತದೆ ಎಂಬುದನ್ನು ಒಪ್ಪಲೇಬೇಕು. ಸಾಲ್ಟ್ ಲೇಕ್ ಸಿಟಿಯಲ್ಲಿ ಕ್ರೀಡಾಮಂದಿರದ ನವೀಕರಣಕ್ಕೂ ಸುತ್ತಣ ಕೇಂದ್ರ ಭಾಗದ ಅಭಿವೃದ್ಧಿಗೂ ಮಾರಾಟ ತೆರಿಗೆಯನ್ನು ನೂರಕ್ಕೆ ಅರ್ಧದಷ್ಟು ಏರಿಸುವ ಅಧಿಕಾರವನ್ನು ರಾಜ್ಯದ ಶಾಸನಸಭೆ 2024ರಲ್ಲಿ ಕೊಟ್ಟಿತು, ಪೌರಸಭೆ ಏರಿಸಿತು, ಓಟು ನಡೆಯಲಿಲ್ಲ. ಅದೇ ವರ್ಷದ ಏಪ್ರಿಲ್ 2ರಂದು ಮಿಸೂರಿ ರಾಜ್ಯದ ಜ್ಯಾಕ್ಸನ್ ಜಿಲ್ಲೆಯ ಮತದಾರರು ಎರಡು ತಂಡಗಳ ಕ್ರೀಡಾಂಗಣಗಳಿಗಾಗಿ ಮಾರಾಟ ತೆರಿಗೆಯನ್ನು 40 ವರ್ಷ ಮುಂದುವರಿಸುವ ಪ್ರಸ್ತಾಪವನ್ನು ನೂರಕ್ಕೆ ಸುಮಾರು 58ರಂತೆ ತಿರಸ್ಕರಿಸಿದರು. ಎರಡು ತಿಂಗಳು ಕಳೆಯಿತು. ಗಡಿಯಾಚೆಯ ಕ್ಯಾನ್ಸಸ್ ರಾಜ್ಯದ ಶಾಸನಸಭೆ, ಆ ತಂಡಗಳನ್ನು ತನ್ನ ಕಡೆಗೆ ಸೆಳೆಯಲೆಂದು, ಕ್ರೀಡಾಂಗಣದ ವೆಚ್ಚದಲ್ಲಿ ನೂರಕ್ಕೆ 70ರವರೆಗೆ ಮುಂದೆ ಬರುವ ಮಾರಾಟ ತೆರಿಗೆಯಿಂದ ತೀರಿಸಬಹುದಾದ ಸಾಲಪತ್ರಗಳಿಗೆ ಅನುಮತಿ ಕೊಟ್ಟಿತು. ಆದರೆ ಈ ಉದಾಹರಣೆಗಳಿಂದ ನಾನು ತೆಗೆಯುವ ತೀರ್ಮಾನ ವಿರೋಧಿಗಳದಲ್ಲ. ಊರೂರುಗಳನ್ನು ಹರಾಜಿಗೆ ನಿಲ್ಲಿಸುವ ಸಾಮರ್ಥ್ಯ ಒಬ್ಬ ಬಂಡವಳಿಗನಿಗೆ ಬಂದಿರುವುದು, ಊರುಗಳು ತಮ್ಮ ಜನರನ್ನು ಕೇಳದೆ ಕೂಗಬಲ್ಲವಾದುದರಿಂದ. ಕೇಳಿಯೇ ಕೂಗಬೇಕೆಂಬ ನಿಯಮ ಎಲ್ಲೆಡೆಯೂ ಬಂದರೆ ಹರಾಜಿನ ಬಿಸಿ ತಾನಾಗಿ ಇಳಿಯುತ್ತದೆ.

ಸಾಮಾನ್ಯ ಮತದಾರನಿಗೆ ಇಂಥ ಜಟಿಲವಾದ ಒಪ್ಪಂದಗಳು ಅರ್ಥವಾಗಲಾರವು ಎಂಬ ಇನ್ನೊಂದು ಆಕ್ಷೇಪವಿದೆ. ಟೆಂಪಿಯ ಮತದಾರರಿಗೆ ಬಂದ ಪುಸ್ತಿಕೆಯನ್ನು ನಾನು ಎರಡು ಸಂಜೆ ಓದಿದೆನು. ಪರವಾದ ವಾದಗಳೂ ವಿರೋಧದ ವಾದಗಳೂ ಅದರಲ್ಲಿ ಅಚ್ಚಾಗಿದ್ದವು. ನನ್ನ ವಯಸ್ಸಿನ ಪರದೇಶಿಯೊಬ್ಬನಿಗೆ ಅರ್ಥವಾದ ವಿಷಯ ಅಲ್ಲಿಯೇ ಬಾಳುವವರಿಗೆ ಅರ್ಥವಾಗದೆಂದು ನಾನು ನಂಬಲಾರೆ. ಆದರೂ ಎಲ್ಲ ರಿಯಾಯಿತಿಯೂ ಓಟಿಗೆ ಬರಬೇಕೆಂದು ನಾನು ಹೇಳುವುದಿಲ್ಲ. ಹಳೆಯ ಗಿರಣಿಯ ಕಟ್ಟಡವೊಂದನ್ನು ಸರಿಪಡಿಸುವವನಿಗೆ ಐದು ವರ್ಷದ ವಿನಾಯಿತಿ ಕೊಡುವುದು ಪ್ರತಿನಿಧಿಗಳ ವಿವೇಕಕ್ಕೆ ಸೇರಿದ್ದು. ಅದಕ್ಕೂ ಊರನ್ನು ಎಬ್ಬಿಸಿದರೆ ಊರಿಗೆ ಬೇಸರ ಬಂದು, ದೊಡ್ಡ ಪ್ರಶ್ನೆ ಬಂದ ದಿನ ಅದು ಎದ್ದು ಬರುವುದಿಲ್ಲ. ವ್ಹೀಟ್ ರಿಜ್ ಊರಿನವರಂತೆ ಒಂದು ಮೊತ್ತವನ್ನು ಗೆರೆಯಾಗಿ ಇಟ್ಟುಕೊಳ್ಳುವುದು ವಿಹಿತ. ಗೆರೆ ದಾಟಿದ ಪ್ರಸ್ತಾಪದಲ್ಲಿ, ಬಿಟ್ಟುಕೊಡುವ ಒಟ್ಟು ಹಣವೆಷ್ಟು, ಎಷ್ಟು ವರ್ಷ, ಅದರಲ್ಲಿ ಶಾಲೆಯ ಪಾಲೆಷ್ಟು ಎಂಬುದನ್ನು ಯೋಜನೆಯಲ್ಲಿ ಸ್ವಾರ್ಥವಿಲ್ಲದ ಲೆಕ್ಕಿಗನೊಬ್ಬನು ಬರೆದು, ಅದು ಮತಪತ್ರದ ಮೇಲೆಯೇ ಅಚ್ಚಾಗತಕ್ಕದ್ದು. ಓಟು ಎಲ್ಲರೂ ಬರುವ ನವೆಂಬರಿನ ಸಾರ್ವತ್ರಿಕ ಚುನಾವಣೆಯ ದಿನ ನಡೆಯತಕ್ಕದ್ದು. ಬೇಕಾದವರು ಮಾತ್ರ ನೆನಪಿಟ್ಟುಕೊಂಡು ಬರುವ ಬೇರೊಂದು ದಿನವಲ್ಲ. ಮತ್ತು ಪೌರರು ಒಮ್ಮೆ ಹಾಕಿದ ಬೀಗವನ್ನು ರಾಜಧಾನಿಯಲ್ಲಿ ಕುಳಿತವರು ಮಿನಿಯಾಪೊಲಿಸ್‌ನಲ್ಲಿ ಮಾಡಿದಂತೆ ಬಳಸಿಕೊಂಡು ಹೋಗದಂತೆ ರಾಜ್ಯದ ಸಂವಿಧಾನದಲ್ಲಿಯೇ ತಡೆಯಿರಬೇಕು. ಈ ಕೊನೆಯದಿಲ್ಲದಿದ್ದರೆ ಉಳಿದವುಗಳಿಂದ ಪ್ರಯೋಜನವಿಲ್ಲ.

ಆ ದೇಶದ ಪೌರತ್ವವನ್ನು ಪಡೆದು, ಅಲ್ಲಿಯ ಊರುಗಳಲ್ಲಿ ಮನೆಮಾಡಿಕೊಂಡು, ಕಂದಾಯ ಕಟ್ಟುತ್ತಿರುವ ಕನ್ನಡಿಗರು ಇಂದು ಸಾವಿರಾರು ಮಂದಿ ಇದ್ದಾರೆ. ಅಧ್ಯಕ್ಷರ ಚುನಾವಣೆಯ ಕಾಲದಲ್ಲಿ ಅವರ ಮನೆಗಳಲ್ಲಿ ನಡೆಯುವ ಚರ್ಚೆಯ ಉತ್ಸಾಹವನ್ನು ನಾನು ಕಂಡಿದ್ದೇನೆ. ಊರಿನ ಓಟಿನ ಲಕೋಟೆ ಒಡೆಯದೆ ತಿಂಗಳುಗಟ್ಟಲೆ ಅಡಿಗೆಮನೆಯ ಕಟ್ಟೆಯ ಮೇಲೆ ಬಿದ್ದಿರುವುದನ್ನೂ ಕೆಲವು ಮನೆಗಳಲ್ಲಿ ಕಂಡಿದ್ದೇನೆ. ಅವರಲ್ಲಿ ನನ್ನದು ಒಂದು ಬಿನ್ನಹ. ಮುಂದಿನ ಸಲ ಅಂಥ ಲಕೋಟೆ ಬಂದಾಗ, ಬೇಕೆನ್ನಿರಿ, ಬೇಡವೆನ್ನಿರಿ, ಅದು ನಿಮ್ಮ ಇಷ್ಟ. ಆದರೆ ಎಷ್ಟು ವರ್ಷ ಎಂಬ ಅಂಕಿಯನ್ನು ಹುಡುಕಿ ಓದದೆ ಸಹಿ ಮಾಡಬೇಡಿರಿ.